ಮದುವೆಯಾದ ಮೇಲೆ ನನ್ನ ಬೆಕ್ಕು, ಅವರ ಬೆಕ್ಕು ಒಂದೇ ಮನೆಯಲ್ಲಿ: ಕಚ್ಚಾಡದಂತೆ ಹೊಂದಿಸುವುದು ಹೇಗೆ?

ನಿಮ್ಮ ಪರಿಸ್ಥಿತಿ ಹೀಗಿದೆ: ಎರಡು ತಿಂಗಳಲ್ಲಿ ಮದುವೆ, ಐದು ವರ್ಷದ ನಿಮ್ಮ ಹೆಣ್ಣುಬೆಕ್ಕಿನ ಜೊತೆ ಅವರ ಮನೆಗೆ ಹೋಗುತ್ತೀರಿ, ಅಲ್ಲಿ ಈಗಾಗಲೇ ಎರಡು ವರ್ಷದ ಗಂಡುಬೆಕ್ಕೊಂದಿದೆ. ಇಬ್ಬರೂ ಬೆಳಿಗ್ಗೆ 9ಕ್ಕೆ ಕೆಲಸಕ್ಕೆ ಹೊರಟರೆ ಮನೆ ಸೇರುವುದು ಸಂಜೆ 7ಕ್ಕೆ. ಹರಟೆಗೆ ಕೂತ ಸ್ನೇಹಿತರೆಲ್ಲ "ಒಟ್ಟಿಗೆ ಬಿಟ್ಟುಬಿಡು, ಎರಡು ದಿನ ಕಿತ್ತಾಡಿ ತಾವೇ ಸರಿಹೋಗುತ್ತವೆ" ಅನ್ನುತ್ತಿದ್ದಾರೆ. ಕೆಲಸದ ವಿಷಯಕ್ಕೋ ಮದುವೆಯ ವಿಷಯಕ್ಕೋ ಅವರ ಮಾತು ಕೇಳಿ, ಇದಕ್ಕೆ ಮಾತ್ರ ಬೇಡ. ಮೊದಲ ಭೇಟಿಯಲ್ಲೇ ಜೋರು ಕಾದಾಟವಾದರೆ ಆ ಭಯ ಎರಡೂ ಬೆಕ್ಕುಗಳಲ್ಲಿ ಉಳಿದುಬಿಡುತ್ತದೆ, ಅದನ್ನು ಬಿಡಿಸುವುದಕ್ಕೆ ತಿಂಗಳುಗಳೇ ಹಿಡಿಯಬಹುದು.

ಬೆಕ್ಕು ತನ್ನ ಮನೆಯನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಕೆನ್ನೆ, ಗದ್ದ, ಪಕ್ಕೆ, ಪಾದಗಳಲ್ಲಿರುವ ಗ್ರಂಥಿಗಳ ವಾಸನೆಯನ್ನು ಬಾಗಿಲಿಗೆ, ಕುರ್ಚಿಗೆ, ನಿಮ್ಮ ಕಾಲಿಗೆ ಉಜ್ಜುತ್ತಾ ಇರುತ್ತದೆ. ಅಂಥ ಜಾಗಕ್ಕೆ ಪರಿಚಯವಿಲ್ಲದ ವಾಸನೆಯ ಪ್ರಾಣಿ ಏಕಾಏಕಿ ನುಗ್ಗಿದರೆ ಅದಕ್ಕೆ ಅಪಾಯವೆಂದೇ ತೋರುತ್ತದೆ. ಹಾಗಾಗಿ ಮೊದಲು ವಾಸನೆ, ಆಮೇಲೆ ಬಾಗಿಲಾಚೆಯ ಸದ್ದು, ಆಮೇಲೆ ನೋಟ, ಮುಖಾಮುಖಿ ಕಡೆಗೆ. ಈ ಕ್ರಮ ತಪ್ಪಿಸಬೇಡಿ.

ಮನೆ ಬದಲಿಸುವ ಮೊದಲೇ ಪಶುವೈದ್ಯರ ಕೆಲಸ ಮುಗಿಸಿ. ಗಂಡುಬೆಕ್ಕಿಗೆ ಸಂತಾನಹರಣದ ಆಪರೇಷನ್ ಆಗಿಲ್ಲವಾದರೆ ಈಗಲೇ ಮಾಡಿಸಿ. ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು, ಅಷ್ಟು ದಿನ ಅದು ಮರಿ ಹುಟ್ಟಿಸಲೂಬಲ್ಲದು. ಎರಡಕ್ಕೂ ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೀಮಿಯಾ ವೈರಸ್) ರಕ್ತಪರೀಕ್ಷೆ ಇರಲಿ. ಎಫ್‌ಐವಿ ಹರಡುವುದು ಹೆಚ್ಚಾಗಿ ಆಳವಾದ ಕಡಿತದಿಂದ, ಅಂದರೆ ಕಾದಾಟದಿಂದಲೇ. ಚಿಗಟ, ಕಿವಿಯ ನುಸಿ, ಹುಳುಕಡ್ಡಿ, ಬಾಕಿ ಲಸಿಕೆ ಇವನ್ನೂ ಅದೇ ಭೇಟಿಯಲ್ಲಿ ನೋಡಿಸಿಬಿಡಿ.

ಹೊಸದಾಗಿ ಬರುವ ನಿಮ್ಮ ಬೆಕ್ಕಿಗೆ ಒಂದು ಕೋಣೆ ಪೂರ್ತಿ ಬಿಟ್ಟುಕೊಡಿ. ಅದರೊಳಗೆ ಅದರದೇ ಲಿಟರ್ ಬಾಕ್ಸ್ (ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ತುಂಬಿಟ್ಟ ಪೆಟ್ಟಿಗೆ), ಎದುರು ಮೂಲೆಯಲ್ಲಿ ಊಟದ ತಟ್ಟೆ, ಅದರಿಂದ ತುಸು ದೂರ ನೀರು, ಮೈ ಚಾಚಿ ನಿಂತು ಕೆರೆಯುವಷ್ಟು ಎತ್ತರದ, ಅಲುಗಾಡದ ಕಂಬ, ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಹಳೆಯ ಹೊದಿಕೆಯನ್ನು ಒಗೆಯದೆ ತನ್ನಿ, ಲಿಟರ್ ಕೂಡ ಮೊದಲಿನದೇ ಇರಲಿ. ಕೋಣೆ ಘಮಘಮಿಸಲೆಂದು ಎಸೆನ್ಷಿಯಲ್ ಆಯಿಲ್ ಹಚ್ಚಿಡಬೇಡಿ, ಅವುಗಳಲ್ಲಿ ಹಲವು ಬೆಕ್ಕಿಗೆ ವಿಷ.

ಲಿಟರ್ ಬಾಕ್ಸ್ ಲೆಕ್ಕದಲ್ಲಿ ಜಿಪುಣತನ ಬೇಡ: ಎರಡು ಬೆಕ್ಕಿಗೆ ಮೂರು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದದ ಬಾಕ್ಸ್, ಅದರಲ್ಲಿ 5ರಿಂದ 7 ಸೆಂ.ಮೀ. ದಪ್ಪಕ್ಕೆ ಸುವಾಸನೆಯಿಲ್ಲದ ಲಿಟರ್. ಮೂರನ್ನೂ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಒಂದು ಬೆಕ್ಕು ಅಡ್ಡ ಕೂತರೆ ಮೂರೂ ಬಂದ್. ಬೇರೆ ಬೇರೆ ಕಡೆ ಇಡಿ.

ವಾರದ ರಜೆಯ ಹಿಂದಿನ ಸಂಜೆ ಬೆಕ್ಕನ್ನು ತನ್ನಿ. ಮೊದಲ ಎರಡು ಮೂರು ದಿನ ಪರಿಚಯದ ಸುದ್ದಿಯೇ ಬೇಡ. ಅದು ಹೊಟ್ಟೆತುಂಬ ತಿಂದು, ಬಾಕ್ಸ್ ಬಳಸಿ, ನಿಮ್ಮ ಹೆಜ್ಜೆ ಸದ್ದಿಗೆ ಬಾಲ ಎತ್ತಿ ಬಂದರೆ ಮುಂದಿನ ಹಂತ. 24 ಗಂಟೆ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ; ಉಪವಾಸ ಮುಂದುವರಿದರೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ.

ಈಗ ವಾಸನೆ. ಒಂದೊಂದು ಶುದ್ಧ ಕಾಲುಚೀಲವನ್ನು ಒಂದೊಂದು ಬೆಕ್ಕಿನ ಕೆನ್ನೆಗೆ ಮೆಲ್ಲಗೆ ಉಜ್ಜಿ, ಇನ್ನೊಂದರ ತಟ್ಟೆಯಿಂದ ಎರಡು ಮೀಟರ್ ದೂರ ಇಡಿ. ಬುಸುಗುಟ್ಟಿದರೆ ಇನ್ನಷ್ಟು ದೂರ, ಮೂಸಿ ಹೋದರೆ ಮುಂದಿನ ಊಟಕ್ಕೆ ಸ್ವಲ್ಪ ಹತ್ತಿರ. ಕಾಲುಚೀಲದ ಪಕ್ಕದಲ್ಲೇ ನಿಶ್ಚಿಂತೆಯಿಂದ ತಿನ್ನುವಂತಾದಾಗ ದಿನಕ್ಕೆ ಅರ್ಧ ಗಂಟೆ ಜಾಗ ಅದಲುಬದಲು ಮಾಡಿ: ಇದು ಮನೆಯಲ್ಲಿ ಓಡಾಡಲಿ, ಅದು ಕೋಣೆಯಲ್ಲಿ. ಒಂದನ್ನೊಂದು ನೋಡಬಾರದು, ಅಷ್ಟೇ.

ಜೊತೆಗೇ ಬಾಗಿಲಿನ ಆಚೆ ಈಚೆ ಊಟ ಶುರುವಾಗಲಿ. ಮುಚ್ಚಿದ ಬಾಗಿಲಿನಿಂದ ಎರಡು ಮೀಟರ್ ದೂರದಲ್ಲಿ ಎರಡೂ ತಟ್ಟೆ ಇಟ್ಟು, ಪ್ರತಿ ಊಟಕ್ಕೆ ಒಂದು ಗೇಣು ಮುಂದೆ ಸರಿಸಿ. ಯಾವುದಾದರೂ ತಿನ್ನುವುದನ್ನು ಬಿಟ್ಟು ಬಾಗಿಲನ್ನೇ ದಿಟ್ಟಿಸಿದರೆ ಹಿಂದಿನ ದೂರಕ್ಕೇ ವಾಪಸ್. ನಿಮ್ಮ ಕೆಲಸದ ಸಮಯ ಇದಕ್ಕೇನೂ ಅಡ್ಡಿಯಲ್ಲ. ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಹೊಡೆಯುತ್ತದೆ, ಚುರುಕಾಗಿರುವುದು ಮುಂಜಾನೆ ಮತ್ತು ಮುಸ್ಸಂಜೆ. ಬೆಳಿಗ್ಗೆ 7.30 ಮತ್ತು ರಾತ್ರಿ 8ರ ಊಟ ಸಾಕು. ಹೊರಡುವಾಗ ಕೋಣೆಯ ಚಿಲಕ ಹಾಕಿದ್ದನ್ನು ಮತ್ತೊಮ್ಮೆ ನೋಡಿ. ಕೆಳಕ್ಕೊತ್ತುವ ಹಿಡಿಯ ಬಾಗಿಲಾದರೆ ಹಾರಿ ಜೋತುಬಿದ್ದು ತೆರೆಯುವ ಬೆಕ್ಕುಗಳಿವೆ.

ನೋಟದ ಹಂತಕ್ಕೆ ಮಕ್ಕಳಿಗಾಗಿ ಅಡ್ಡ ಹಾಕುವ ಗೇಟು ಅಥವಾ ಗಟ್ಟಿ ಜಾಲರಿ ಬೇಕು. ಅದಕ್ಕೆ ಹಾಸಿಗೆಯ ಚಾದರ ಇಳಿಬಿಟ್ಟು, ಊಟದ ಹೊತ್ತಿಗೆ ಕೆಳಗಿನಿಂದ 10 ಸೆಂ.ಮೀ. ಎತ್ತಿ ಶುರುಮಾಡಿ, ದಿನದಿನಕ್ಕೆ ಹೆಚ್ಚಿಸಿ. ಚಾದರ ಪೂರ್ತಿ ತೆಗೆದರೂ ಎರಡೂ ತಮ್ಮ ಪಾಡಿಗೆ ತಿಂದರೆ ಮುಖಾಮುಖಿಗೆ ಸಿದ್ಧ. ಅವತ್ತು ಮೊದಲು ಇಬ್ಬರೂ ಒಂದೊಂದು ಬೆಕ್ಕನ್ನು ಗರಿ ಕಟ್ಟಿದ ಕಡ್ಡಿಯಿಂದ 10-15 ನಿಮಿಷ ಚೆನ್ನಾಗಿ ಆಡಿಸಿ, ಆಮೇಲೆ ಗೇಟು ತೆಗೆಯಿರಿ. ಐದೇ ನಿಮಿಷ. ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಿ, ಮರುದಿನ ಹತ್ತು ನಿಮಿಷ. ದಯವಿಟ್ಟು ಒಂದನ್ನು ಎತ್ತಿಕೊಂಡು ಇನ್ನೊಂದರ ಮುಖದ ಹತ್ತಿರ ಒಯ್ಯಬೇಡಿ. ಓಡಿಹೋಗಲು ದಾರಿಯಿಲ್ಲದ ಬೆಕ್ಕು ಉಗುರು ಇಳಿಸುವುದು ಎತ್ತಿಕೊಂಡವರ ಮೈಗೇ.

ಬುಸುಗುಟ್ಟುವುದಕ್ಕೆ ಗಾಬರಿಯಾಗಬೇಡಿ, ಅದು "ದೂರ ಇರು" ಅನ್ನುವ ಮಾತು, ಅಷ್ಟೇ. ಹೆದರಬೇಕಾದ್ದು ಸದ್ದಿಲ್ಲದ್ದಕ್ಕೆ: ಕಣ್ಣು ಮಿಟುಕಿಸದ ನೋಟ, ಬಿಗಿದ ಮೈ, ಚಾಟಿಯಂತೆ ಬೀಸುವ ಬಾಲ. ಆಗ ನಡುವೆ ಒಂದು ರಟ್ಟು ಅಥವಾ ದಿಂಬು ಅಡ್ಡ ಹಿಡಿದು ನೋಟ ತಪ್ಪಿಸಿ. ಲಿಟರ್ ಬಾಕ್ಸಿನ ದಾರಿಯಲ್ಲಿ ಸೋಮಾರಿಯಂತೆ ಬಿದ್ದುಕೊಂಡಿರುವ ಬೆಕ್ಕು ಎಷ್ಟೋ ಸಲ ಕಾವಲು ಕಾಯುತ್ತಿರುತ್ತದೆ. ಇದು ಮನೆಯವರ ಕಣ್ಣಿಗೇ ಬೀಳುವುದಿಲ್ಲ, ಇನ್ನೊಂದು ಬೆಕ್ಕು ಹಾಸಿಗೆ ಒದ್ದೆ ಮಾಡಿದ ಮೇಲೆ ಬೈಗುಳ ಅದಕ್ಕೆ.

ಕಾದಾಟವೇ ಹತ್ತಿಕೊಂಡರೆ ಕೈ ಹಾಕಬೇಡಿ. ಬೇರೆ ಮಾಡಿದ ಮೇಲೂ ಎತ್ತಿ ಸಮಾಧಾನ ಮಾಡಲು ಹೋಗಬೇಡಿ, ಕೆರಳಿದ ಬೆಕ್ಕು ಗಂಟೆಗಳ ನಂತರವೂ ಒಡೆಯರನ್ನೇ ಕಚ್ಚೀತು. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ವೈದ್ಯರಿಗೆ ತೋರಿಸಿ. ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆಕ್ಕಿನ ಹಲ್ಲು ಬ್ಯಾಕ್ಟೀರಿಯಾವನ್ನು ಆಳಕ್ಕೆ ಒಯ್ದಿರುತ್ತದೆ, ರೇಬೀಸ್ ಲಸಿಕೆ ಬೇಕೇ ಎಂಬುದನ್ನೂ ಅವರೇ ಹೇಳಲಿ.

ಇನ್ನು ನಿಮ್ಮಿಬ್ಬರ ವಿಷಯ. "ನಿನ್ನ ಬೆಕ್ಕೇ ಶುರು ಮಾಡಿದ್ದು" ಅನ್ನುವ ಮಾತು ಮೊದಲ ವಾರದಲ್ಲೇ ಬರುತ್ತದೆ. ಅದಕ್ಕೆ ನನ್ನ ಸಲಹೆ, ಕೆಲಸ ಅದಲುಬದಲು: ನಿಮ್ಮ ಬೆಕ್ಕಿಗೆ ಅವರು ಊಟ ಹಾಕಲಿ, ಅವರ ಬೆಕ್ಕಿಗೆ ನೀವು. ಬೆಕ್ಕಿಗೂ ಹೊಸಬರ ಪರಿಚಯವಾಗುತ್ತದೆ. ಅಡುಗೆಮನೆಯಲ್ಲಿ ಒಂದು ಹಾಳೆ ಅಂಟಿಸಿ: ತಿಂದಿತೇ, ಬಾಕ್ಸ್ ಬಳಸಿತೇ, ತಟ್ಟೆ ಎಷ್ಟು ದೂರದಲ್ಲಿತ್ತು. ಕೆಲಸದಿಂದ ತಡವಾಗಿ ಬಂದವರು ಕೇಳುತ್ತಾ ಕೂರಬೇಕಿಲ್ಲ. ಬಾಕ್ಸ್ ದಿನವೂ ಶುಚಿಯಾಗಬೇಕು. ನೀವು ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆಯಿದ್ದರೆ ಆ ಕೆಲಸ ಪೂರ್ತಿ ಅವರದು. ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಅದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು, ದಿನವೂ ತೆಗೆದರೆ ಅಪಾಯ ಬಹಳ ಕಡಿಮೆ.

ಗಂಡುಬೆಕ್ಕಿನ ಮೇಲೆ ಒಂದು ಕಣ್ಣಿರಲಿ. ಮನಸ್ಸಿನ ಒತ್ತಡದಿಂದ ಮೂತ್ರಕೋಶ ಊದಿಕೊಳ್ಳುವುದುಂಟು. ಮತ್ತೆ ಮತ್ತೆ ಬಾಕ್ಸಿಗೆ ಹೋಗಿ ತಿಣುಕಿದರೂ ಮೂತ್ರ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು.

ಎಷ್ಟು ದಿನ ಅಂದರೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ತಿಂಗಳುಗಳಾದರೂ ಅದು ಸೋಲಲ್ಲ. ಒಂದರ ಮೇಲೊಂದು ಮಲಗಲೇಬೇಕೆಂದಿಲ್ಲ, ಒಂದೇ ಕೋಣೆಯಲ್ಲಿ ಒಂದನ್ನೊಂದು ಲೆಕ್ಕಿಸದೆ ಇದ್ದರೆ ಸಾಕು. ಆಮೇಲೂ ಮೂರನೆಯ ಬಾಕ್ಸ್ ತೆಗೆಯಬೇಡಿ. ಯಾವುದನ್ನಾದರೂ ಆಸ್ಪತ್ರೆಗೆ ಒಯ್ದು ತಂದ ದಿನ, ಅಲ್ಲಿನ ವಾಸನೆಯಿಂದ ಮನೆಯಲ್ಲಿದ್ದದ್ದು ಅದನ್ನು ಗುರುತಿಸದೆ ಮೈಮೇಲೆ ಬೀಳಬಹುದು. ಅವತ್ತು ಒಂದು ರಾತ್ರಿ ಬೇರೆ ಕೋಣೆಯಲ್ಲಿಟ್ಟು, ಅದರದೇ ಹಳೆಯ ಹೊದಿಕೆಯಿಂದ ಮೈ ಒರೆಸಿ, ಮರುದಿನ ಬಿಡಿ.