ಓದುಗರ ಪ್ರಶ್ನೆ: ಕುಡಿತ, ಮಾದಕ ವಸ್ತು ಮತ್ತು ನೆರೆಹೊರೆಯ ಹೊಣೆ

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಮಾದಕ ವ್ಯಸನದ ವಿರುದ್ಧ ಒಂದು ದಿನದ ಕಾರ್ಯಕ್ರಮ ಹಮ್ಮಿಕೊಂಡಿದ್ದೇವೆ. ಜಾಥಾ, ಪ್ರತಿಜ್ಞಾವಿಧಿ, ಹಾಳಾದ ಯಕೃತ್ತಿನ ಚಿತ್ರಗಳ ಪ್ರದರ್ಶನ ಮತ್ತು ವ್ಯಸನದಿಂದ ಹೊರಬಂದ ಒಬ್ಬರ ಭಾಷಣ ಇರುತ್ತವೆ. ಇಷ್ಟು ಮಾಡಿದರೆ ಹುಡುಗರು ದೂರ ಉಳಿದಾರೆಯೇ?
– ಸಂಘದ ಕಾರ್ಯದರ್ಶಿ

ಉತ್ತರ: ನಿಮ್ಮ ಕಾಳಜಿ ನಿಜವಾದದ್ದು, ಆದ್ದರಿಂದಲೇ ನೇರವಾಗಿ ಹೇಳುತ್ತೇನೆ. ಒಂದು ದಿನದ ಜಾಥಾದಿಂದ ಹುಡುಗರ ನಡವಳಿಕೆ ಬದಲಾಗುವ ಸಾಧ್ಯತೆ ತೀರ ಕಡಿಮೆ. ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಆರಂಭವಾದ ‘ಡೇರ್’ ಎಂಬ ಮಾದಕ ವಸ್ತು ವಿರೋಧಿ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ವಾರಗಟ್ಟಲೆ ಪಾಠ ಮಾಡುತ್ತಿದ್ದರು. ಪೋಷಕರು ಮೆಚ್ಚಿದರು, ಅಮೆರಿಕದ ಉದ್ದಗಲಕ್ಕೂ ಅದು ಹರಡಿತು. ಆದರೆ ಆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ವರ್ಷಗಳ ನಂತರ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹದಿನೈದರ ಹುಡುಗನಿಗೆ ಮುಂದೆಂದೋ ಕೆಡಬಹುದಾದ ಯಕೃತ್ತು ಬಹಳ ದೂರದ ಮಾತು. ಇವತ್ತು ಸಂಜೆ ಗೆಳೆಯರ ಗುಂಪಿನಲ್ಲಿ ತಾನೊಬ್ಬನೇ ಹೊರಗುಳಿಯಬಾರದು ಎಂಬುದು ಹತ್ತಿರದ ಮಾತು. ತಡೆಯುವ ಕೆಲಸ ಆ ಸಂಜೆಯಲ್ಲಿ ನಡೆಯಬೇಕು.

ಐಸ್‌ಲ್ಯಾಂಡ್ ಮಾಡಿದ್ದು ಅದನ್ನೇ. ಅಲ್ಲಿ 1998ರಲ್ಲಿ 15–16 ವಯಸ್ಸಿನ ಮಕ್ಕಳ ಪೈಕಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದಾಗಿ ಹೇಳಿದ್ದರು. 2016ರ ವೇಳೆಗೆ ಅದು ಶೇ 5ಕ್ಕೆ ಇಳಿಯಿತು. ದಿನನಿತ್ಯ ಸಿಗರೇಟು ಸೇದುವವರು ಶೇ 23ರಿಂದ ಶೇ 3ಕ್ಕೆ ಇಳಿದರು. ಪ್ರತಿವರ್ಷ ಶಾಲೆಗಳಲ್ಲಿ ಹೆಸರು ಕೇಳದೆ ಪ್ರಶ್ನಾವಳಿ ಕೊಟ್ಟು, ಉತ್ತರಗಳನ್ನು ಆಯಾ ಊರಿನ ಪೋಷಕರ ಮುಂದೆ ಬೇಗನೆ ಇಟ್ಟರು. ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುವುದು, ಅವರು ರಾತ್ರಿ ಹೊರಗೆ ಉಳಿಯದಂತೆ ನೋಡಿಕೊಳ್ಳುವುದು ಮುಂತಾದ ವಿಷಯಗಳಲ್ಲಿ ಪೋಷಕರು ಒಟ್ಟಾಗಿ ಒಪ್ಪಂದ ಮಾಡಿಕೊಂಡರು. ಆಟ, ಸಂಗೀತ, ನೃತ್ಯಗಳಿಗೆ ತರಬೇತಿ ಪಡೆದ ಶಿಕ್ಷಕರನ್ನೂ ಸರ್ಕಾರದ ಹಣವನ್ನೂ ಒದಗಿಸಲಾಯಿತು. ಮದ್ಯ ಕೊಳ್ಳುವ ವಯಸ್ಸು ಅಲ್ಲಿ 20 ವರ್ಷ, ಜಾಹೀರಾತಿಗೂ ನಿಷೇಧವಿದೆ. ಇವುಗಳಲ್ಲಿ ಇಂಥದೊಂದರಿಂದಲೇ ಫಲ ಬಂತು ಎನ್ನಲಾಗದು. ಎಲ್ಲವೂ ಒಟ್ಟಿಗೆ, ಬಹಳ ವರ್ಷ ನಡೆದವು.

ನಿಮ್ಮ ಸಂಘ ಎಲ್ಲಿಂದ ಶುರು ಮಾಡಬಹುದು? ಜಾಥಾಕ್ಕೆ ಮೀಸಲಿಟ್ಟ ದಿನವನ್ನು ನೋಡುವುದಕ್ಕೂ ಕೇಳುವುದಕ್ಕೂ ಬಳಸಿ. ಕತ್ತಲಾಗುವ ಹೊತ್ತಿಗೆ ನಾಲ್ಕು ಜನ ಹೊರಟು ನಿಮ್ಮ ಪರಿಸರವನ್ನು ಒಂದು ಸುತ್ತು ಹಾಕಿ ಬನ್ನಿ. ಆಟದ ಮೈದಾನದ ದೀಪ ಉರಿಯುತ್ತದೆಯೇ? ವಾಚನಾಲಯದ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ? ಅರ್ಧಕ್ಕೆ ನಿಂತ ಕಟ್ಟಡದ ಮೆಟ್ಟಿಲ ಕೆಳಗೆ ಖಾಲಿ ಬಾಟಲಿಗಳು, ಅಮಲಿಗಾಗಿ ಮೂಸಲು ಹಿಂಡಿ ಬಿಸಾಡಿದ ಅಂಟಿನ ಟ್ಯೂಬುಗಳು ಬಿದ್ದಿವೆಯೇ? ಶಾಲೆ ಬಿಟ್ಟ ಮೇಲೆ ಪೋಷಕರು ಕೆಲಸದಿಂದ ಮನೆ ಸೇರುವವರೆಗೆ ಮಕ್ಕಳು ಎಲ್ಲಿರುತ್ತಾರೆ? ಇವನ್ನೆಲ್ಲ ಬರೆದುಕೊಂಡರೆ ಯಾವುದನ್ನು ಮೊದಲು ಸರಿಪಡಿಸಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ.

ಬಳಿಕ ಶಾಲೆಯವರ ಮತ್ತು ಪೋಷಕರ ಒಪ್ಪಿಗೆ ಪಡೆದು ಹೆಸರಿಲ್ಲದ ಪ್ರಶ್ನಾವಳಿ ಕೊಡಿ. ‘ನೀನು ಕುಡಿದಿದ್ದೀಯಾ’ ಎಂಬುದರ ಜೊತೆಗೆ ‘ನಿನ್ನ ತರಗತಿಯಲ್ಲಿ ಎಷ್ಟು ಮಂದಿ ಕುಡಿಯುತ್ತಾರೆ ಎಂದು ನಿನಗನಿಸುತ್ತದೆ’ ಎಂದೂ ಕೇಳಿ. ಸಾಮಾನ್ಯವಾಗಿ ಎರಡನೆಯ ಉತ್ತರ ನಿಜಕ್ಕಿಂತ ಹೆಚ್ಚಿರುತ್ತದೆ. ಎಲ್ಲರೂ ಕುಡಿಯುತ್ತಾರೆ ಎಂಬ ಈ ತಪ್ಪು ಎಣಿಕೆಯೇ ಎಷ್ಟೋ ಮಕ್ಕಳನ್ನು ಮೊದಲ ಗುಟುಕಿನತ್ತ ತಳ್ಳುತ್ತದೆ. ನಿಜವಾದ ಲೆಕ್ಕವನ್ನು ಅವರ ಮುಂದಿಡುವುದು ಹೆದರಿಸುವುದಕ್ಕಿಂತ ಮೇಲು. ಆದರೆ ಒಂದು ಎಚ್ಚರಿಕೆ ಬೇಕು. ಯಾವ ಮಗು ಏನು ಬರೆಯಿತು ಎಂದು ಕೈಬರಹ ನೋಡಿ ಪತ್ತೆ ಹಚ್ಚಲು ಯಾರಾದರೂ ಹೊರಟರೆ, ಆ ಶಾಲೆಯಲ್ಲಿ ಇನ್ನು ಮುಂದೆ ಯಾವ ಮಗುವೂ ನಿಜ ಹೇಳುವುದಿಲ್ಲ.

ವ್ಯಸನದಿಂದ ಹೊರಬಂದವರ ಭಾಷಣವನ್ನು ಕೈಬಿಡಬೇಡಿ. ಮಕ್ಕಳ ಬದಲು, ಮನೆಯಲ್ಲಿ ಕುಡಿಯುವವರಿರುವ ಕುಟುಂಬಗಳ ಮುಂದೆ ಅವರು ಮಾತನಾಡಲಿ. ಅವರ ಅನುಭವ ಹೆಚ್ಚು ಬೇಕಾಗಿರುವುದು ಅಲ್ಲಿ.

ಪ್ರಶ್ನೆ: ಮಗನಿಗೆ ಹದಿನಾರು ವರ್ಷ. ‘ಹೊರಗೆ ಕದ್ದು ಕುಡಿಯುವ ಬದಲು ಮನೆಯಲ್ಲೇ ನಮ್ಮ ಕಣ್ಣೆದುರು ಸ್ವಲ್ಪ ರೂಢಿಯಾಗಲಿ, ಮಿತಿ ಕಲಿಯುತ್ತಾನೆ’ ಎಂದು ಅವನ ಸೋದರಮಾವ ಹೇಳುತ್ತಾರೆ. ಇದು ಸರಿಯೇ?
– ಒಬ್ಬ ತಾಯಿ

ಉತ್ತರ: ಸರಿಯಲ್ಲ, ತಾಯಿ. ನಿಮ್ಮ ಸೋದರರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅವರ ಲೆಕ್ಕಾಚಾರ ತಪ್ಪು. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೋಷಕರೇ ಮದ್ಯ ಕೊಟ್ಟದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿದ್ದು ಕಾಣಲಿಲ್ಲ. ಅಂಥ ಮಕ್ಕಳು ಮುಂದೆ ಬೇರೆಯವರಿಂದಲೂ ಪಡೆದು ಕುಡಿಯುವ ಸಾಧ್ಯತೆ ಹೆಚ್ಚಾಗಿತ್ತು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 14 ವರ್ಷಕ್ಕೆ ಅಥವಾ ಅದಕ್ಕೂ ಮೊದಲು ಕುಡಿಯಲು ಆರಂಭಿಸಿದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಬದುಕಿನ ಯಾವುದೋ ಘಟ್ಟದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 20 ಅಥವಾ ಅದರ ನಂತರ ಆರಂಭಿಸಿದವರಲ್ಲಿ ಅದು ಸುಮಾರು ಶೇ 10 ಮಾತ್ರ. ಬೇಗ ಆರಂಭಿಸುವ ಮಕ್ಕಳ ಮನೆ, ಮನಸ್ಸುಗಳ ಕಷ್ಟಗಳೂ ಈ ಅಂತರಕ್ಕೆ ಕಾರಣವಾಗಿರಬಹುದು, ನಿಜ. ಆದರೂ ವಿವೇಚನೆ ಮತ್ತು ಸಂಯಮವನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ ಎಂಬುದನ್ನು ನೆನೆದರೆ, ಮೊದಲ ಗುಟುಕನ್ನು ಮುಂದೂಡಿದ ಪ್ರತಿ ವರ್ಷವೂ ಲಾಭವೇ.

ಮನೆಯಲ್ಲಿ ಸ್ಪಷ್ಟವಾದ ನಿಯಮವಿರಲಿ, ಅದನ್ನು ಅವನ ಗೆಳೆಯರ ಮನೆಯವರಿಗೂ ತಿಳಿಸಿ. ಸಮಾರಂಭಗಳಲ್ಲಿ ಹಿರಿಯರು ಹುಡುಗನ ಕೈಯಲ್ಲಿ ಬಾಟಲಿ ತರಿಸುವುದು, ಲೋಟಕ್ಕೆ ಸುರಿಸುವುದು ನಿಲ್ಲಬೇಕು. ಅವನು ಕುಡಿದು ಸಿಕ್ಕಿಹಾಕಿಕೊಂಡರೂ ಫೋನು ಮಾಡುವುದು ನಿಮಗೇ ಎಂಬಷ್ಟು ಭರವಸೆಯೂ ಇರಬೇಕು: ‘ಎಷ್ಟು ಹೊತ್ತಾದರೂ ಬಂದು ಕರೆದುಕೊಂಡು ಹೋಗುತ್ತೇನೆ, ಮಾತು ನಾಳೆ ಆಡೋಣ’ ಎಂದು ಮೊದಲೇ ಹೇಳಿಡಿ.

ಪ್ರಶ್ನೆ: ಕುಡಿಯುವವರಿಗೆ ದಂಡ ಹಾಕಿ, ಹೆಸರನ್ನು ಫಲಕದಲ್ಲಿ ಬರೆಯಲು ನಮ್ಮ ಮಹಿಳಾ ಸಂಘ ತೀರ್ಮಾನಿಸಿದೆ. ಕೇಳದವರನ್ನು ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸೋಣ ಎಂದೂ ಕೆಲವರು ಹೇಳುತ್ತಿದ್ದಾರೆ. ನಿಮ್ಮ ಸಲಹೆ?
– ಸಂಘದ ಸದಸ್ಯೆ

ಉತ್ತರ: ಕೂಡಿಹಾಕುವ ಯೋಚನೆಯನ್ನು ಇವತ್ತೇ ಬಿಡಿ. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ವರ್ಷಗಳಿಂದ ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ದಿಕ್ಕು ತಪ್ಪಿದಂತಾಗಿ, ಇಲ್ಲದ್ದು ಕಾಣುವ, ಇಲ್ಲದ ದನಿ ಕೇಳುವ ಸ್ಥಿತಿ ಉಂಟಾಗಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸುತ್ತದೆ. ಇಂಥವರ ಕುಡಿತ ವೈದ್ಯರ ನಿಗಾದಲ್ಲೇ ನಿಲ್ಲಬೇಕು.

ಹೆಸರು ಬರೆಯುವುದನ್ನೂ ನಾನು ಒಪ್ಪಲಾರೆ. ಅವಮಾನಕ್ಕೆ ಹೆದರಿದವನು ಕುಡಿತ ಬಿಡುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು, ಅವನ ಸಿಟ್ಟು ತಿರುಗುವುದು ಮನೆಯ ಹೆಂಗಸರ, ಮಕ್ಕಳ ಮೇಲೆ. ಮಕ್ಕಳಂತೂ ಏನೂ ಮಾಡದೆ ಶಾಲೆಯಲ್ಲಿ ಆ ಹೆಸರು ಹೊರಬೇಕಾಗುತ್ತದೆ. ನಿಮ್ಮ ಬಲವನ್ನು ಬೇರೆ ಕಡೆ ತಿರುಗಿಸಿ. ಅಪ್ರಾಪ್ತರಿಗೆ ಮದ್ಯ ಮಾರುವವರ ಮೇಲೆ, ಪರವಾನಗಿ ಇಲ್ಲದ ಮಾರಾಟದ ಮೇಲೆ ಲಿಖಿತ ದೂರು ಕೊಡಿ, ಕ್ರಮ ಆಗುವವರೆಗೆ ಬೆನ್ನು ಬಿಡಬೇಡಿ. ಮದ್ಯ ಸುಲಭವಾಗಿ ಸಿಗದಂತೆ ಮಾಡುವುದು, ತೆರಿಗೆಯಿಂದ ಬೆಲೆ ಏರಿಸುವುದು, ಜಾಹೀರಾತು ತಡೆಯುವುದು ಮುಂತಾದ ಕ್ರಮಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಒತ್ತಿ ಹೇಳುವುದು ಅವು ಫಲ ಕೊಟ್ಟಿರುವುದರಿಂದಲೇ.

ಕುಡಿಯುವವರಿಗಾಗಿ ಆರೋಗ್ಯ ಕಾರ್ಯಕರ್ತೆಯರ ನೆರವು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯೇ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆಯಿಂದ, ಬರೀ ತಿಳಿಹೇಳಿದರೆ ಸಾಕಾಗುವವರು ಯಾರು, ಚಿಕಿತ್ಸೆ ಬೇಕಾದವರು ಯಾರು ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡಬಹುದು. ಬಿಟ್ಟವರಿಗೆ 1935ರಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಂಥ ಪರಸ್ಪರ ನೆರವಿನ ಕೂಟಗಳಿವೆ. ಅವರ ಮನೆಯವರಿಗಾಗಿ ಅಲ್‌-ಅನಾನ್ ಕೂಟಗಳಿವೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದವರು ಮತ್ತೆ ಕುಡಿಯುವುದು ಅಪರೂಪವಲ್ಲ. ಆಗ ‘ಇವನ ಹಣೆಬರಹ ಇಷ್ಟೇ’ ಎಂದು ಕೈಚೆಲ್ಲದೆ ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯಲು ಸಂಘದ ಇಬ್ಬರು ಸದಸ್ಯರನ್ನು ಮೊದಲೇ ಗೊತ್ತು ಮಾಡಿಡಿ. ಹೊಡೆತ ತಿನ್ನುವ ಮನೆಯಿದ್ದರೆ, ಆ ರಾತ್ರಿ ಹೆಂಗಸರೂ ಮಕ್ಕಳೂ ಉಳಿಯಲು ಯಾರ ಮನೆಯ ಬಾಗಿಲು ತೆರೆದಿರುತ್ತದೆ ಎಂಬುದೂ ಮುಂದಿನ ಸಭೆಯಲ್ಲೇ ತೀರ್ಮಾನವಾಗಲಿ.