ಹುಡುಕಾಟ ಹೆಚ್ಚಾದರೆ ಜ್ವರವೂ ಹೆಚ್ಚಾಯಿತೇ?

ಪ್ರಶ್ನೆ: ಸಾಂಕ್ರಾಮಿಕ ರೋಗ ಹರಡುವಾಗ ಬಿಗ್ ಡೇಟಾ, ಅಂದರೆ ಭಾರೀ ಮಾಹಿತಿಯ ರಾಶಿ, ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ? ನಮ್ಮ ಓಡಾಟ, ಹುಡುಕಾಟವೆಲ್ಲ ಯಾರದೋ ಕೈಸೇರುವುದು ನನಗೆ ಸರಿಕಾಣುವುದಿಲ್ಲ.

ಉತ್ತರ: ಬರುತ್ತದೆ. ಆದರೆ ರಾಶಿ ದೊಡ್ಡದಿದ್ದ ಮಾತ್ರಕ್ಕೆ ಅಲ್ಲ. ಜನ ಅಂತರ್ಜಾಲದಲ್ಲಿ ಏನು ಹುಡುಕುತ್ತಾರೆ ಎಂಬುದರಿಂದ ಫ್ಲೂ ಜ್ವರದ ಪ್ರಮಾಣ ಅಂದಾಜಿಸುವ ‘ಫ್ಲೂ ಟ್ರೆಂಡ್ಸ್’ ಅನ್ನು ಗೂಗಲ್ 2008ರಲ್ಲಿ ಶುರುಮಾಡಿತು. 2012–13ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದರ ಅಂದಾಜು ಸರ್ಕಾರಿ ಅಂಕಿಯ ಸುಮಾರು ಎರಡು ಪಟ್ಟಾಯಿತು. ಜ್ವರದ ಸುದ್ದಿ ಓದಿ ಗಾಬರಿಯಾದವರೂ ಹುಡುಕುತ್ತಾರಲ್ಲ! 2015ರಲ್ಲಿ ಅದು ನಿಂತಿತು.

ನನಗೆ ಹೆಚ್ಚು ಭರವಸೆ ಇರುವುದು ಚರಂಡಿ ನೀರಿನ ಮೇಲೆ. ಕೋವಿಡ್ ತಗುಲಿದ ಅನೇಕರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ವಸ್ತು) ಹೊರಬೀಳುತ್ತದೆ, ಕೆಲವರಲ್ಲಿ ಲಕ್ಷಣ ಕಾಣುವ ಮೊದಲೇ. ಶುದ್ಧೀಕರಣ ಘಟಕಕ್ಕೆ ಬರುವ ನೀರನ್ನು ದಿನವಿಡೀ ಸ್ವಲ್ಪಸ್ವಲ್ಪವಾಗಿ ಹಿಡಿದು, ಬೆರೆಸಿ, ಒಂದೇ ಬಾಟಲಿಯನ್ನು ಆ ಆರ್‌ಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಕೊಟ್ಟರೆ ಆ ಕೊಳವೆಜಾಲದ ಅಷ್ಟೂ ಮನೆಗಳ ಸುಳಿವು ಸಿಗುತ್ತದೆ. ಪರೀಕ್ಷೆ ಮಾಡಿಸಿಕೊಳ್ಳದವರೂ ಲೆಕ್ಕಕ್ಕೆ ಬರುತ್ತಾರೆ. ಯಾರ ಹೆಸರೂ ಬರುವುದಿಲ್ಲ. ಮಳೆ ನೀರು ಸೇರಿದರೆ ಮಾದರಿ ತೆಳುವಾಗುತ್ತದೆ, ಅದನ್ನು ಸರಿದೂಗಿಸಿಕೊಳ್ಳಬೇಕು.

ಫೋನಿನಿಂದ ಸಿಗುವ ಓಡಾಟದ ಮಾಹಿತಿಯ ಬಗ್ಗೆ ನಿಮ್ಮ ಅಳುಕು ನ್ಯಾಯವಾದದ್ದೇ. ಹೆಸರು ಅಳಿಸಿದರೆ ಸಾಲದು. ಒಂದು ಫೋನು ರಾತ್ರಿ ಎಲ್ಲಿ, ಹಗಲು ಎಲ್ಲಿ ಇರುತ್ತದೆಂದು ಗೊತ್ತಾದರೆ ಎಷ್ಟೋ ಸಲ ಆಸಾಮಿ ಯಾರೆಂದೂ ಗೊತ್ತಾಗುತ್ತದೆ. ಆರೋಗ್ಯ ಇಲಾಖೆಗೆ ಇಲ್ಲಿ ಬೇಕಿರುವುದು ಒಬ್ಬೊಬ್ಬರ ಜಾಡಲ್ಲ, ಎಷ್ಟು ಜನ ಓಡಾಡಿದರೆಂಬ ಪ್ರದೇಶವಾರು ಮೊತ್ತ. ಅಷ್ಟನ್ನೇ ಕೊಡಿ, ಕೆಲಸ ಮುಗಿದ ಮೇಲೆ ಅಳಿಸಿ ಎಂದು ಪಟ್ಟು ಹಿಡಿಯಿರಿ. ಇನ್ನು, ಫೋನೇ ಇಲ್ಲದ ವೃದ್ಧರು, ಬಡವರು ಆ ಮೊತ್ತದಲ್ಲಿ ಇರುವುದೇ ಇಲ್ಲ. ಅವರ ಮನೆಗೆ ಆರೋಗ್ಯ ಕಾರ್ಯಕರ್ತೆ ನಡೆದೇ ಹೋಗಬೇಕು.