ಕೊಶ್ಚುಷ್ಕೊ ಬಾಡಿಗೆ ಸಿಪಾಯಿಯೇ?

ಓದುಗರ ಪತ್ರ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ನೀವು ಹಾಕಿದ ಲೇಖನದಲ್ಲಿ ತದೇವುಷ್ ಕೊಶ್ಚುಷ್ಕೊ ಎಂಬ ಪೋಲೆಂಡಿನ ಅಧಿಕಾರಿಯನ್ನು ಬಾಯ್ತುಂಬ ಹೊಗಳಿದ್ದೀರಿ. ಸ್ವಂತ ದೇಶ ಮುಳುಗುತ್ತಿದ್ದಾಗ ಸಂಬಳಕ್ಕಾಗಿ ಪರದೇಶದಲ್ಲಿ ಕಾದಿದವನು ಆತ. ಮೇಲಾಗಿ ಜೀತದಾಳುಗಳಿದ್ದ ಜಮೀನ್ದಾರ. ಇಂಥವನನ್ನು ಸ್ವಾತಂತ್ರ್ಯವೀರ ಅನ್ನೋದು ಸರಿಯೇ?

ಸಂಪಾದಕರ ಉತ್ತರ: ನಮಸ್ಕಾರ. ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. ಅದಕ್ಕೆ ಬರುವ ಮುನ್ನ ಮೊದಲನೆಯದನ್ನು ಮುಗಿಸುತ್ತೇನೆ.

ಕೊಶ್ಚುಷ್ಕೊ ಹುಟ್ಟಿದ್ದು 1746ರಲ್ಲಿ, ಇಂದಿನ ಬೆಲಾರೂಸ್‌ಗೆ ಸೇರಿದ ಒಂದು ಹಳ್ಳಿಯಲ್ಲಿ. ಕುಲ ದೊಡ್ಡದು, ಆಸ್ತಿ ಚಿಕ್ಕದು. ವಾರ್ಸಾದ ಸೈನಿಕ ಶಾಲೆಯಲ್ಲಿ ಓದಿ, ಪ್ಯಾರಿಸ್‌ನಲ್ಲಿ ಕಲಿತು 1774ರಲ್ಲಿ ಊರಿಗೆ ಬಂದರೆ, ಅಣ್ಣ ಆಸ್ತಿಯನ್ನೆಲ್ಲ ಸಾಲದಲ್ಲಿ ಮುಳುಗಿಸಿದ್ದ. ಅಷ್ಟರಲ್ಲಿ, 1772ರಲ್ಲೇ, ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡಿನ ದೊಡ್ಡ ಭಾಗವನ್ನು ಹಂಚಿಕೊಂಡಿದ್ದವು. ಉಳಿದ ಪುಟ್ಟ ಸೈನ್ಯದಲ್ಲಿ ಆತನಿಗೆ ಜಾಗವಿರಲಿಲ್ಲ. ಸಿರಿವಂತ ಜಮೀನ್ದಾರನ ಮಗಳನ್ನು ಪ್ರೀತಿಸಿ, ಆ ಅಪ್ಪನ ಕೋಪಕ್ಕೂ ಗುರಿಯಾದ. ಹೌದು, ಕೆಲಸ ಬೇಕಾಗಿಯೇ ಹೊರಟವನು. ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ದುಡ್ಡೇ ಮುಖ್ಯವಾಗಿದ್ದರೆ ಅಮೆರಿಕದ ಆ ಸೈನ್ಯದಲ್ಲಿ ಏಳು ವರ್ಷ ನಿಲ್ಲುತ್ತಿರಲಿಲ್ಲ. 1776ರಲ್ಲಿ ಎಂಜಿನಿಯರ್ ಕರ್ನಲ್ ಆಗಿ ಸೇರಿದ. ಸಾರಟೋಗಾ ಬಳಿ ಹಡ್ಸನ್ ನದಿಯ ಪಕ್ಕದ ಬೆಮಿಸ್ ದಿಬ್ಬವನ್ನು ಆರಿಸಿ ಕೋಟೆ ಕಟ್ಟಿಸಿದ. ಬ್ರಿಟಿಷ್ ಸೈನ್ಯ ಆ ದಾರಿ ದಾಟಲಾಗದೆ 1777ರ ಅಕ್ಟೋಬರ್‌ನಲ್ಲಿ ಶರಣಾಯಿತು. ಆಮೇಲೆ ವೆಸ್ಟ್ ಪಾಯಿಂಟ್ ಕೋಟೆಯ ಕೆಲಸ. ಇಷ್ಟಾದರೂ ಸಂಬಳದ ಬಾಕಿ ಕೈಸೇರಲು ಯುದ್ಧ ಮುಗಿದು ಹದಿನೈದು ವರ್ಷ ಕಾಯಬೇಕಾಯಿತು.

ಈಗ ಜೀತದ ವಿಷಯ. ನೀವು ಬರೆದದ್ದು ನಿಜ. ಆತನ ಹೊಲದಲ್ಲೂ ರೈತರು ಬಿಟ್ಟಿ ದುಡಿಯುತ್ತಿದ್ದರು. 1784ರಲ್ಲಿ ಊರಿಗೆ ಮರಳಿದ ಮೇಲೆ ಆ ಬಿಟ್ಟಿ ದುಡಿಮೆಯನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದ. ಹೆಂಗಸರಿಗೆ ಅದೂ ಬೇಡ ಎಂದ. ಇದರಿಂದ ಆತನ ಆದಾಯಕ್ಕೇ ಪೆಟ್ಟು ಬಿತ್ತು. ತನ್ನ ಗಂಟು ಕರಗಿದರೂ ಸರಿ ಎಂದವನನ್ನು ಉಳಿದ ಜಮೀನ್ದಾರರ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ.

1794ರ ಮಾರ್ಚ್ 24ರಂದು ಕ್ರಾಕೋವ್ ನಗರದ ಮಾರುಕಟ್ಟೆ ಚೌಕದಲ್ಲಿ ನಿಂತು, ರಷ್ಯಾದ ವಿರುದ್ಧ ದಂಗೆಯ ಪ್ರತಿಜ್ಞೆ ಮಾಡಿದ. ಬಂದೂಕು ಸಾಲದು. ರೈತರು ಹುಲ್ಲು ಕೊಯ್ಯುವ ಉದ್ದ ಕುಡುಗೋಲಿನ ಅಲಗನ್ನು ಕೋಲಿನ ತುದಿಗೆ ನೆಟ್ಟಗೆ ಕಟ್ಟಿಕೊಂಡು ಬಂದರು. ಏಪ್ರಿಲ್ 4ರಂದು ರಾಟ್ಸ್‌ವಾವಿತ್ಸೆಯಲ್ಲಿ ಇವರು ನೇರವಾಗಿ ಫಿರಂಗಿಗಳ ಮೇಲೆ ನುಗ್ಗಿದರು. ಬಾರ್ತೋಷ್ ಗ್ವೋವಾತ್ಸ್ಕಿ ಎಂಬ ರೈತ ಉರಿಯುತ್ತಿದ್ದ ಫಿರಂಗಿ ಬತ್ತಿಯನ್ನು ತನ್ನ ಟೋಪಿಯಿಂದಲೇ ಮುಚ್ಚಿ ಆರಿಸಿದ ಅಂತ ಪೋಲೆಂಡಿನಲ್ಲಿ ಇಂದಿಗೂ ಹೇಳುತ್ತಾರೆ. ಗೆದ್ದ ಮೇಲೆ ಸೇನಾಪತಿ ಕೊಶ್ಚುಷ್ಕೊ ರೈತರ ಒರಟು ನಿಲುವಂಗಿಯನ್ನೇ ತೊಟ್ಟ.

ಬರೀ ಅಂಗಿ ತೊಟ್ಟು ಸುಮ್ನಾಗಿದ್ದರೆ ನಿಮ್ಮ ಆಕ್ಷೇಪವನ್ನು ಒಪ್ಪುತ್ತಿದ್ದೆ. ಮೇ 7ರಂದು ಪೋವಾನ್ಯೆತ್ಸ್ ಊರಿನಲ್ಲಿ ಘೋಷಣೆ ಹೊರಡಿಸಿದ. ರೈತ ಇನ್ನು ಸ್ವತಂತ್ರ, ಸಾಲ ಮತ್ತು ತೆರಿಗೆ ತೀರಿಸಿದರೆ ಊರು ಬಿಟ್ಟು ಹೋಗಬಹುದು, ಬಿಟ್ಟಿ ದುಡಿಮೆಯ ದಿನಗಳನ್ನು ಇಳಿಸಬೇಕು, ಅವನನ್ನು ಸುಮ್ಮಸುಮ್ಮನೆ ಹೊಲದಿಂದ ಎಬ್ಬಿಸುವಂತಿಲ್ಲ. ಜೀತ ಪೂರ್ತಿ ಹೋಗಲಿಲ್ಲ ಅನ್ನೋದು ನಿಜ. ಎಷ್ಟೋ ಜಮೀನ್ದಾರರು ಆ ಕಾಗದವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಕ್ಟೋಬರ್‌ನಲ್ಲಿ ಮಾಚಿಯೋವಿತ್ಸೆ ಕದನದಲ್ಲಿ ಗಾಯಗೊಂಡು ಆತ ರಷ್ಯನ್ನರಿಗೆ ಸೆರೆಸಿಕ್ಕ. ಮುಂದಿನ ವರ್ಷ ಪೋಲೆಂಡ್ ಭೂಪಟದಿಂದಲೇ ಅಳಿಸಿಹೋಯಿತು.

ರಷ್ಯಾದ ರಾಣಿ ಕ್ಯಾಥರೀನ್ ಸತ್ತ ಮೇಲೆ ಅವಳ ಮಗ ಆತನನ್ನು ಬಿಡುಗಡೆ ಮಾಡಿದ. ಕೊಶ್ಚುಷ್ಕೊ ಮತ್ತೆ ಅಮೆರಿಕಕ್ಕೆ ಹೋದ. 1798ರಲ್ಲಿ ಅಲ್ಲಿಂದ ಹೊರಡುವಾಗ ಉಯಿಲು ಬರೆದು ಗೆಳೆಯ, ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ಕೈಗಿಟ್ಟ. ಅಮೆರಿಕದಲ್ಲಿರುವ ತನ್ನ ಹಣದಿಂದ ಕಪ್ಪು ಗುಲಾಮರನ್ನು ಕೊಂಡು ಬಿಡುಗಡೆ ಮಾಡಬೇಕು, ಅವರಿಗೆ ಕಸುಬು ಕಲಿಸಬೇಕು. ಜೆಫರ್ಸನ್ನನ ಗುಲಾಮರನ್ನೂ ಹೀಗೆ ಬಿಡಿಸಬಹುದು. ಅದನ್ನು ಉಯಿಲಿನಲ್ಲೇ ಬರೆದಿದ್ದ! ಇದಕ್ಕಿಂತ ನೇರವಾಗಿ ಒಬ್ಬ ಗೆಳೆಯ ಇನ್ನೊಬ್ಬನಿಗೆ ಹೇಳಲು ಆಗುತ್ತದೆಯೇ?

1817ರಲ್ಲಿ, ಸಾಯುವ ಕೆಲವೇ ತಿಂಗಳು ಮೊದಲು, ಸ್ವಿಟ್ಜರ್‌ಲೆಂಡಿನಲ್ಲಿ ಕೂತು ತನ್ನ ಊರಿನ ಜೀತದಾಳುಗಳನ್ನೂ ಬಿಡುಗಡೆ ಮಾಡಿ ಪತ್ರ ಬರೆದ. ರಷ್ಯಾದ ಝಾರ್ ದೊರೆ ಅದಕ್ಕೆ ಒಪ್ಪಲಿಲ್ಲ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದು ತಾಕಬೇಕಾದದ್ದು ಮಾತ್ರ ಬೇರೆಯವರಿಗೆ. ಮುಪ್ಪಿನ ನೆಪ ಹೇಳಿ ಜೆಫರ್ಸನ್ ಉಯಿಲಿನ ಹೊಣೆಯಿಂದ ಕಳಚಿಕೊಂಡ. ಆತ 1826ರಲ್ಲಿ ಸಾಲದಲ್ಲೇ ಸತ್ತ. ಮರುವರ್ಷ ಆತನ ಎಸ್ಟೇಟಿನ 130 ಗುಲಾಮರನ್ನು ಹರಾಜಿಗಿಟ್ಟರು. ಉಯಿಲಿನ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಎಳೆದಾಡಿ, 1852ರಲ್ಲಿ ಆ ಹಣವೆಲ್ಲ ಪೋಲೆಂಡಿನ ಬಂಧುಗಳದ್ದೇ ಎಂದು ತೀರ್ಪಾಯಿತು. ಅದರಲ್ಲಿ ಒಬ್ಬ ಗುಲಾಮನ ಬಿಡುಗಡೆಯೂ ಆಗಲಿಲ್ಲ.